ಬಂಡಿಯ ಮದ್ದೂ ಅಮ್ಮನ ಮಂಡಿಯೂ

ವಯಸ್ಸಾಗುತ್ತಾ ಹೋದಂತೆ ಮನುಷ್ಯ ಬೆಚ್ಚಿಬೀಳುವುದು ಕಡಿಮೆಯಾಗುತ್ತದೆ ಎಂದು ನಾನು ನಂಬಿಕೊಂಡಿದ್ದೆ. ಪೇಪರಿನಲ್ಲಿ ಎಂಥ ಸುದ್ದಿ ಬಂದರೂ ಕಾಫಿ ಹೀರುತ್ತಲೇ ಓದಿ ಮುಗಿಸುತ್ತೇನೆ. ಕರೆಂಟು ಹೋದರೆ ಹೋಯಿತು, ಬಂದರೆ ಬಂತು. ಆದರೆ ಮೊನ್ನೆ ಚಿಕ್ಕಬಳ್ಳಾಪುರದ ಸರ್ವೀಸ್ ಸೆಂಟರ್ ಒಂದರಲ್ಲಿ, ಕಂಪ್ಯೂಟರಿನ ಮುಂದೆ ಕೂತಿದ್ದ ಹೆಣ್ಣುಮಗಳು ನನ್ನ ಮೋಟಾರ್ ಸೈಕಲ್ಲಿನ ವಿವರ ಬರೆದುಕೊಂಡು, ಬಹಳ ಮರ್ಯಾದೆಯಿಂದ, "ಅಂಕಲ್, ಪೆಟ್ರೋಲ್ ಟ್ಯಾಂಕಿಗೆ ಇಂಜೆಕ್ಟರ್ ಕ್ಲೀನರ್ ಹಾಕ್ಸ್ತೀರಾ?" ಎಂದು ಕೇಳಿದ್ದೇ ತಡ, "ಬೇಡ! ಬೇಡಮ್ಮಾ, ಬೇಡ!" ಎಂದು ನಾನು ಕೂಗಿಕೊಂಡ ರಭಸಕ್ಕೆ ಪಕ್ಕದಲ್ಲಿ ಟೀ ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟು ನೋಡಿದರು. ಆಕೆ ಪಾಪ, "ಬರೀ ಕೇಳ್ದೆ ಅಷ್ಟೇ ಅಂಕಲ್, ಕಂಪಲ್ಸರಿ ಏನಿಲ್ಲ" ಎಂದು ಕುರ್ಚಿಯನ್ನು ಒಂದಿಷ್ಟು ಹಿಂದಕ್ಕೆ ಸರಿಸಿಕೊಂಡಳು. ಟ್ಯಾಂಕಿಗೆ ಹಾಕುವ ಮದ್ದಿನ ಹೆಸರು ಕೇಳಿದರೆ ಇಷ್ಟು ವರ್ಷಗಳ ಮೇಲೂ ನನ್ನ ಎದೆ ಯಾಕೆ ಹೊಡೆದುಕೊಳ್ಳುತ್ತದೆ ಎಂಬುದನ್ನು ಆಕೆಗೆ ಅಲ್ಲಿ ನಿಂತು ಹೇಳಲು ಆಗಲಿಲ್ಲ. ಹಿಂದೆ ಜನ ಕಾಯುತ್ತಿದ್ದರು. ನಿಮಗಾದರೆ ಬಿಡುವಿದೆ, ಹೇಳುತ್ತೇನೆ.

ಎಂಬತ್ತರ ದಶಕ ಮುಗಿದು ತೊಂಬತ್ತರ ದಶಕ ಕಣ್ಣುಬಿಡುತ್ತಿದ್ದ ಕಾಲ ಅದು. ನಾನು ಆಗ ಶಿಡ್ಲಘಟ್ಟದಲ್ಲಿದ್ದೆ. ಚಿಂತಾಮಣಿ ರಸ್ತೆಯ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ದಿನಾ ಓಡಾಡುವುದಕ್ಕೆಂದು ಒಂದು ಮೋಟಾರ್ ಸೈಕಲ್ ಇಟ್ಟುಕೊಂಡಿದ್ದೆ. ನಮ್ಮ ಕಡೆ ಅದನ್ನು ಮೋಟಾರ್ ಸೈಕಲ್ ಎನ್ನುವವರು ನನ್ನಂಥ ಮೇಷ್ಟ್ರುಗಳು ಮಾತ್ರ. ಉಳಿದವರಿಗೆಲ್ಲ ಅದು ಬಂಡಿ. ಎತ್ತು ಕಟ್ಟಿದರೂ ಬಂಡಿ, ಪೆಟ್ರೋಲು ಹಾಕಿದರೂ ಬಂಡಿ. ಆಗಿನ ಬಂಡಿಗಳಿಗೆ ಈಗಿನ ಹಾಗೆ ಇಂಜೆಕ್ಟರ್ ಇರಲಿಲ್ಲ. ಕಾರ್ಬ್ಯುರೇಟರ್ ಎಂಬ ಮುಷ್ಟಿ ಗಾತ್ರದ ಒಂದು ಡಬ್ಬಿ ಇರುತ್ತಿತ್ತು. ಪೆಟ್ರೋಲನ್ನೂ ಗಾಳಿಯನ್ನೂ ಹದವಾಗಿ ಕಲಸಿ ಎಂಜಿನ್ನಿಗೆ ಉಣಿಸುವುದು ಅದರ ಕೆಲಸ. ಅದರೊಳಗೆ ಜೆಟ್ ಎಂಬ ಹಿತ್ತಾಳೆಯ ಪುಟ್ಟ ಕೊಳವೆ, ಅದರಲ್ಲಿ ಸೂಜಿಮೊನೆಯಷ್ಟು ಒಂದು ತೂತು. ಆ ತೂತಿಗೆ ಕಸ ಕಟ್ಟಿತೋ, ಬಂಡಿ ಕೆಮ್ಮುತ್ತದೆ, ಬಿಕ್ಕುತ್ತದೆ, ಕೊನೆಗೆ ಹಿಪ್ಪುನೇರಳೆ ತೋಟಗಳ ನಡುವೆ, ಒಂದು ನರಪಿಳ್ಳೆ ಇಲ್ಲದ ಜಾಗ ನೋಡಿಕೊಂಡು ನಿಂತುಬಿಡುತ್ತದೆ. ನನ್ನದು ಹಾಗೆ ಆಗಾಗ ನಿಲ್ಲುತ್ತಿತ್ತು. ಸೊಪ್ಪಿನ ಹೊರೆ ಹೊತ್ತು ಹೋಗುವ ಹೆಂಗಸರು, "ಮೇಷ್ಟ್ರೇ, ಇವತ್ತೂನಾ?" ಎಂದು ಕೇಳಿಕೊಂಡೇ ಮುಂದೆ ಹೋಗುತ್ತಿದ್ದರು. ಗಣಿತದ ಮೇಷ್ಟ್ರು ಕ್ಲಾಸಿಗೆ ತಡವಾಗಿ ಬರುವುದು ಮಕ್ಕಳಿಗೆ ಎಷ್ಟು ಸಂತೋಷದ ವಿಷಯ ಎಂದು ನನಗೆ ತಿಳಿದದ್ದು ಆಗಲೇ.

ಬಸ್ ಸ್ಟ್ಯಾಂಡಿನ ಹಿಂದೆ ಗ್ಯಾರೇಜು ಇಟ್ಟುಕೊಂಡಿದ್ದ ಮಸ್ತಾನ್ ಪ್ರತಿ ಸಲ ಕಾರ್ಬ್ಯುರೇಟರ್ ಬಿಚ್ಚಿ, ಊದಿ, ಮತ್ತೆ ಜೋಡಿಸಿ ಕೊಡುತ್ತಿದ್ದ. "ಯಾಕಪ್ಪಾ ಹೀಗಾಗತ್ತೆ?" ಎಂದರೆ, "ಪೆಟ್ರೋಲ್ ಸರಿ ಇಲ್ಲ ಸಾರ್" ಎನ್ನುತ್ತಿದ್ದ. ಇನ್ನೊಂದು ದಿನ ಕೇಳಿದರೆ, "ಧೂಳು ಸಾರ್." ಮತ್ತೊಂದು ದಿನ, "ಟೈಮು ಸಾರ್." ಯಾವ ಟೈಮು, ಯಾರ ಟೈಮು ಎಂದು ನಾನು ಕೇಳಲಿಲ್ಲ.

ಹೀಗಿರುವಾಗ ಪರೀಕ್ಷೆಯ ಕೆಲಸದ ಮೇಲೆ ಚಿಕ್ಕಬಳ್ಳಾಪುರಕ್ಕೆ ಹೋದವನು, ಬಿಡಿಭಾಗಗಳ ಅಂಗಡಿಯೊಂದರ ಗಾಜಿನ ಕಪಾಟಿನಲ್ಲಿ ಆ ಬಾಟಲಿಯನ್ನು ಕಂಡೆ. ಜೇನುತುಪ್ಪದ ಬಣ್ಣದ ದ್ರವ. ಮೇಲೆ ಮಿರಮಿರ ಹೊಳೆಯುವ ಬಂಡಿಯ ಚಿತ್ರ. ಅಂಗಡಿಯವರು ನನ್ನ ಕಣ್ಣು ಹೋದ ಕಡೆ ನೋಡಿ, "ತಗೊಂಡೋಗಿ ಸಾರ್. ಟ್ಯಾಂಕ್ ತುಂಬಿಸ್ದಾಗೆಲ್ಲ ಒಂದು ಮುಚ್ಚಳ ಹಾಕಿ. ಒಳಗಿರೋ ಕೊಳೆಯೆಲ್ಲ ಕರಗೋಗ್ಬುಟ್ಟು ಕಾರ್ಬ್ಯುರೇಟರ್ ಕನ್ನಡಿ ಥರ ಆಗೋಗತ್ತೆ, ಮುಖ ನೋಡ್ಕೋಬೌದು" ಎಂದರು. ಕಾರ್ಬ್ಯುರೇಟರಿನಲ್ಲಿ ಮುಖ ನೋಡಿಕೊಳ್ಳುವ ಆಸೆ ನನಗೆ ಅಲ್ಲಿಯವರೆಗೆ ಇರಲಿಲ್ಲ. ಅವರು ಹೇಳಿದ ಮೇಲೆ ಹುಟ್ಟಿತು.

ಮನೆಯಲ್ಲಿ ಆ ಬಾಟಲಿಗೆ ಸಿಕ್ಕ ಮರ್ಯಾದೆ ನನಗೆ ಮದುವೆಯಲ್ಲೂ ಸಿಕ್ಕಿರಲಿಲ್ಲ. ಹಿತ್ತಲ ಬಾಗಿಲ ಪಕ್ಕದ ಗೋಡೆಗೂಡಿನಲ್ಲಿ ಇಟ್ಟು, "ಇದನ್ನ ಯಾರೂ ಮುಟ್ಟಬಾರದು" ಎಂದು ಘೋಷಿಸಿದೆ. ನನ್ನ ಹೆಂಡತಿ ಸರಳ, "ನಾನ್ಯಾಕ್ರೀ ಮುಟ್ಲಿ? ನಾನೇನು ಪೆಟ್ರೋಲಲ್ಲಿ ಓಡ್ತೀನಾ?" ಎಂದು ಒಳಗೆ ಹೋದಳು. ಅಮ್ಮ ಮಾತ್ರ ಹೋಗಲಿಲ್ಲ. ಕಟ್ಟೆಯ ಮೇಲೆ ಕಾಲು ನೀಡಿಕೊಂಡು ಕೂತಿದ್ದವಳು ಕುತೂಹಲದಿಂದ ಕೇಳಿದಳು:

"ಅದೇನೋ ಅದು, ಟಾನಿಕ್ಕಾ?"

ಅಮ್ಮನ ತವರು ಚಿಂತಾಮಣಿಯ ಆಚೆ. ಸಮಾಧಾನವಾಗಿದ್ದಾಗ ಕನ್ನಡ, ಗಾಬರಿಯಾದಾಗ ತೆಲುಗು. ಆ ಹೊತ್ತಿಗೆ ಕನ್ನಡದಲ್ಲೇ ಇದ್ದಳು. ಮೇಷ್ಟ್ರುಗಿರಿ ಎಂಬುದು ಒಂದು ರೋಗ; ಯಾರಾದರೂ ಪ್ರಶ್ನೆ ಕೇಳಿದರೆ ಸಾಕು, ಪಾಠ ಶುರುವಾಗುತ್ತದೆ. ನಾನು ಚಪ್ಪಲಿ ಬಿಟ್ಟು, ಅಮ್ಮನ ಮುಂದೆ ಕುಕ್ಕರುಗಾಲಿನಲ್ಲಿ ಕೂತು ವಿವರಿಸಿದೆ. ಕಬ್ಬಿಣದ ಕೀಲುಗಳ ಸಂದಿಯಲ್ಲಿ ಜಿಡ್ಡು ಕಟ್ಟಿಕೊಳ್ಳುತ್ತದೆ, ತುಕ್ಕು ಹಿಡಿಯುತ್ತದೆ, ಅದರಿಂದ ಬಂಡಿಗೆ ಸರಾಗವಾಗಿ ಓಡಲು ಆಗುವುದಿಲ್ಲ. ಈ ಮದ್ದು ಹೋಗಿ ಆ ಜಿಡ್ಡನ್ನೆಲ್ಲ ಸಡಿಲ ಮಾಡಿ ತೆಗೆದುಹಾಕುತ್ತದೆ ಎಂದೆ. ಅಮ್ಮನಿಗೆ ಇನ್ನೂ ಸುಲಭವಾಗಲಿ ಎಂದು, "ಒಂದು ಥರ ಹೊಟ್ಟೆ ಕ್ಲೀನ್ ಮಾಡಿದ ಹಾಗೆ ಅಂತ ಇಟ್ಕೋ" ಎಂದೂ ಸೇರಿಸಿದೆ. ಅಮ್ಮ ಬಹಳ ಗಮನವಿಟ್ಟು ಕೇಳಿದಳು. ನನ್ನ ಯಾವ ವಿದ್ಯಾರ್ಥಿಯೂ ಅಷ್ಟು ಗಮನವಿಟ್ಟು ಕೇಳಿದ್ದಿಲ್ಲ. ಕೇಳುತ್ತಾ ಕೇಳುತ್ತಾ ತನ್ನ ಮಂಡಿಗಳನ್ನು ಸವರಿಕೊಳ್ಳುತ್ತಿದ್ದಳು. ಅಮ್ಮನಿಗೆ ಮಂಡಿನೋವು. ಕೂತರೆ ಏಳಲಾರಳು, ಎದ್ದರೆ ಕೂರಲಾರಳು. ಸವರಿಕೊಂಡದ್ದನ್ನು ನಾನು ನೋಡಿದೆ. ದಿನಾ ನೋಡುವ ದೃಶ್ಯವಾದ್ದರಿಂದ ಏನೂ ಅನ್ನಿಸಲಿಲ್ಲ.

ಮೊದಲ ಟ್ಯಾಂಕಿಗೆ ಒಂದು ಮುಚ್ಚಳ ಹಾಕಿದೆ. ಬಂಡಿ ಹೂವಿನಂತೆ ಓಡಿತು. ಶಾಲೆಗೆ ಬೆಲ್ ಹೊಡೆಯುವ ಮೊದಲೇ ಹೋಗಿ ಮಕ್ಕಳ ಮುಖ ಬಾಡಿಸಿದೆ. ಎರಡನೆಯ ಸಲ ಹಾಕಿದ ಮೇಲೆ ಯಾಕೋ ಸ್ವಲ್ಪ ಬಿಕ್ಕಿತು. ಕೊಳೆ ಕರಗುತ್ತಿರಬೇಕು ಅಂದುಕೊಂಡೆ. ಮೂರನೆಯ ಸಲ ಹಾಕಿದಾಗ ಬಿಳೀ ಹೊಗೆ ಉಗುಳಿತು. ಬಹಳ ದಿನದ ಕೊಳೆ, ಒಟ್ಟಿಗೆ ಹೊರಗೆ ಬರುತ್ತಿದೆ ಅಂದುಕೊಂಡೆ. ವಿದ್ಯಾವಂತನಾದವನಿಗೆ ಇದೊಂದು ಅನುಕೂಲ, ಕಣ್ಣಮುಂದೆ ಆಗುವ ಅನಾಹುತಕ್ಕೂ ಒಂದು ಒಳ್ಳೆಯ ಕಾರಣ ಹುಡುಕಿಕೊಳ್ಳಬಲ್ಲ. ಮದ್ದು ಸಾಲುತ್ತಿಲ್ಲ ಎಂದು ಒಂದು ಮುಚ್ಚಳದ ಜಾಗದಲ್ಲಿ ಎರಡು ಹಾಕಿದೆ. ಹೊಗೆ ಎಷ್ಟಾಯಿತೆಂದರೆ, ಶಾಲೆಯ ಗೇಟಿನ ಬಳಿ ನಮ್ಮ ಹೆಡ್‌ಮಾಸ್ಟರು, "ಸೊಳ್ಳೆ ಹೊಡೆಯೋರು ಬಂದ್ರೇನೋ ಅಂದ್ಕೊಂಡೆ ಕಣ್ರೀ" ಎಂದು ಮೂಗಿಗೆ ಕರ್ಚೀಫು ಹಿಡಿದುಕೊಂಡೇ ಮಾತಾಡಿದರು.

ಇತ್ತ ಮನೆಯಲ್ಲಿ ಇನ್ನೊಂದು ಆಶ್ಚರ್ಯ ನಡೆಯುತ್ತಿತ್ತು. ಅಮ್ಮ ಓಡಾಡುತ್ತಿದ್ದಳು. ಗೋಡೆ ಹಿಡಿಯದೆ ಹಿತ್ತಲಿಗೆ ಹೋಗಿ ಬರುತ್ತಿದ್ದಳು. ಒಂದು ದಿನ ನಾನು ಬರುವಷ್ಟರಲ್ಲಿ ತಾರಸಿಯ ಮೇಲೆ ಸಂಡಿಗೆ ಒಣಗಿಸುತ್ತಿದ್ದಳು. "ಹೆಂಗಮ್ಮಾ ಹತ್ತಿದೆ?" ಎಂದರೆ, "ಮೆಟ್ಲು ಮೇಲೆ ಕಣೋ, ಇನ್ನೆಂಗೆ?" ಎಂದಳು. ನಾನು ಸರಳಳಿಗೆ, "ನೋಡಿದ್ಯಾ, ನೀನು ಹುರುಳಿ ಸಾರು ಮಾಡ್ತಿದ್ದೀಯಲ್ಲ, ಅದರ ಗುಣ" ಎಂದೆ. ಅಡುಗೆಯನ್ನು ನಾನು ಹೊಗಳಿದ್ದು ಅದೇ ಮೊದಲಾದ್ದರಿಂದ ಅವಳೂ ಅನುಮಾನಪಡಲಿಲ್ಲ. ಗೋಡೆಗೂಡಿನ ಬಾಟಲಿಯ ಮಟ್ಟ ಇಷ್ಟು ಹಾಕಿದರೂ ಇಳಿಯುತ್ತಿಲ್ಲವಲ್ಲ ಎಂದು ಒಂದೆರಡು ಸಲ ಅನ್ನಿಸಿತ್ತು. ಒಳ್ಳೆಯ ಸಾಮಾನು, ಬಾಳಿಕೆ ಬರುತ್ತದೆ ಎಂದು ಸಂತೋಷಪಟ್ಟೆ.

ಒಂದು ಶನಿವಾರ ಬೆಳಿಗ್ಗೆ, ಅರ್ಧ ದಿನದ ಶಾಲೆಗೆ ಹೊರಟವನು ಊರ ಬಾಗಿಲೂ ದಾಟಲಿಲ್ಲ. ಬಂಡಿ ಮಸ್ತಾನನ ಗ್ಯಾರೇಜಿನ ಎದುರಿಗೇ ಪ್ರಾಣ ಬಿಟ್ಟಿತು. ಅವನು ಕಾರ್ಬ್ಯುರೇಟರಿನ ಕೆಳಗಿನ ಬಟ್ಟಲು ಬಿಚ್ಚಿದ. ಒಳಗೆ ಪೆಟ್ರೋಲಿನ ತಳದಲ್ಲಿ ಗೋಂದಿನ ಹಾಗೆ ಏನೋ ಅಂಟು ಕೂತಿತ್ತು. ಮಸ್ತಾನ್ ಅದನ್ನು ಬೆರಳಿನಲ್ಲಿ ತೆಗೆದು, ಉಜ್ಜಿ ನೋಡಿ, ಮೂಸಿ ನೋಡಿ, ನನ್ನ ಮುಖ ನೋಡಿದ.

"ಸಾರ್, ಬಂಡಿಗೆ ಹರಳೆಣ್ಣೆ ಕುಡಿಸಿದ್ದೀರಾ?"

ನಾನು ಮೂಸಿದೆ. ಹರಳೆಣ್ಣೆಯೇ. ಚಿಕ್ಕಂದಿನಲ್ಲಿ ಮೂಗು ಹಿಡಿದು ಬಾಯಿಗೆ ಸುರಿಸಿಕೊಂಡವರಿಗೆ ಆ ವಾಸನೆ ಸಾಯುವ ತನಕ ಮರೆಯುವುದಿಲ್ಲ. ನನ್ನ ಮೈಯೆಲ್ಲ ಉರಿಯಿತು. ಬಣ್ಣದ ಚಿತ್ರ ಅಂಟಿಸಿ ಹರಳೆಣ್ಣೆ ಮಾರುತ್ತಾರೆಯೇ! ಈಗಲೇ ಬಾಟಲಿ ತೆಗೆದುಕೊಂಡು ಚಿಕ್ಕಬಳ್ಳಾಪುರದ ಬಸ್ಸು ಹತ್ತಬೇಕು, ಆ ಅಂಗಡಿಯವರ ಮುಖಕ್ಕೆ ಹಿಡಿಯಬೇಕು, ಏನು ಹೇಳಬೇಕು ಎಂಬುದನ್ನೆಲ್ಲ ದಾರಿಯುದ್ದಕ್ಕೂ ಬಾಯಲ್ಲೇ ಅಂದುಕೊಳ್ಳುತ್ತಾ ಮನೆಗೆ ಬಂದೆ. ಗೋಡೆಗೂಡು ಖಾಲಿ. ಬಾಟಲಿ ಇಲ್ಲ. ಹಿತ್ತಲ ಬಾಗಿಲು ತೆರೆದಿತ್ತು.

ಹಿತ್ತಲ ಬಚ್ಚಲಿನಲ್ಲಿ ನೀರು ಕಾಯಿಸುವ ಹಂಡೆಯ ಒಲೆ ಧಗಧಗ ಉರಿಯುತ್ತಿತ್ತು. ಹಿಪ್ಪುನೇರಳೆ ಕಡ್ಡಿ ಚಟಪಟ ಸಿಡಿಯುತ್ತಿತ್ತು. ಒಲೆಯ ಬಾಯಿಗೆ ಎದುರಾಗಿ ಮಣೆ ಹಾಕಿಕೊಂಡು, ಸೀರೆಯನ್ನು ಮಂಡಿಯ ಮೇಲಕ್ಕೆ ಎತ್ತಿ ಸಿಕ್ಕಿಸಿ, ಕಾಲು ಚಾಚಿ ಅಮ್ಮ ಕೂತಿದ್ದಳು. ಮಗ್ಗುಲಲ್ಲಿ ನನ್ನ ಬಾಟಲಿ, ಮುಚ್ಚಳ ತೆಗೆದದ್ದು. ಕೈಯಲ್ಲಿ ಒಂದು ಹಳೇ ಬಟ್ಟೆ. ಆ ಬಟ್ಟೆಯನ್ನು ಬಾಟಲಿಗೆ ಒತ್ತಿ ಒದ್ದೆ ಮಾಡಿಕೊಂಡು, ಮಂಡಿಗೆ ತಿಕ್ಕಿ, ಬೆಂಕಿಗೆ ಕಾಲು ಹಿಡಿದು, "ಅಬ್ಬಬ್ಬಬ್ಬ" ಎಂದು ಸುಖಪಡುತ್ತಿದ್ದಳು.

ಆ ಬಾಟಲಿಯ ಹಿಂದೆ ಸಣ್ಣ ಅಕ್ಷರದಲ್ಲಿ, ಬೆಂಕಿಯಿಂದ ದೂರವಿಡಿ ಎಂದು ಬರೆದಿದ್ದನ್ನು ನಾನು ಓದಿದ್ದೆ. ಓದಿ, ಅಮ್ಮನಿಗೆ ಕೀಲು, ಜಿಡ್ಡು, ತುಕ್ಕು ಎಲ್ಲ ಹೇಳಿ, ಅದೊಂದನ್ನು ಬಿಟ್ಟಿದ್ದೆ. "ಅಮ್ಮಾ!" ಎಂದು ಕಿರುಚಿದೆ. ಅವಳು ಬೆಚ್ಚಿದಳು. ಕೈಯಲ್ಲಿದ್ದ ಬಟ್ಟೆ ಒಲೆಯ ಮುಂದೆ ಬಿತ್ತು. ಒಂದು ಕಿಡಿ ಹಾರಿದ್ದಷ್ಟೇ ಕಂಡದ್ದು. ಭುಸ್ಸೆಂದು ನೀಲಿ ಬೆಂಕಿ ಎದ್ದು ಒಲೆಗೂ ಅಮ್ಮನ ಪಾದಕ್ಕೂ ನಡುವೆ ನಿಂತಿತು.

ನಾನು ಅಮ್ಮನ ಕಂಕುಳಿಗೆ ಕೈಹಾಕಿ ಹಿಂದಕ್ಕೆ ಎಳೆದೆ. ಮಣೆ ಉರುಳಿತು, ನಾವಿಬ್ಬರೂ ಉರುಳಿದೆವು. ಸರಳ ಎಲ್ಲಿಂದ ಬಂದಳೋ, ಬಾಟಲಿಯನ್ನು ಎತ್ತಿ ದೂರ ಇಟ್ಟವಳೇ ಬಕೆಟ್ಟಿನ ನೀರನ್ನು ಒಟ್ಟಿಗೇ ಎರಚಿದಳು. ಬಟ್ಟೆ ಆರಿತು, ಒಲೆ ಆರಿತು, ಅಮ್ಮನೂ ನಾನೂ ತೊಯ್ದು ತೊಪ್ಪೆಯಾದೆವು. ಬೂದಿಯ ನೀರು ಮೆಲ್ಲಗೆ ಹರಿದು ಬಚ್ಚಲ ಮೋರಿಗೆ ಹೋಗುತ್ತಿತ್ತು. ಅಮ್ಮನ ಸೀರೆಯ ಅಂಚನ್ನು ನಾನು ಕೈಯಲ್ಲಿ ಹಿಡಿದು ಹಿಡಿದು ನೋಡಿದೆ. ಎಲ್ಲೂ ಸುಟ್ಟಿರಲಿಲ್ಲ.

"ಏಮಿರಾ ಇದಿ! ದೇವುಡಾ!" ಎಂದು ಅಮ್ಮ ತೆಲುಗಿಗೆ ಇಳಿದಳು. ಆಮೇಲೆ ಉಸಿರು ತೆಗೆದುಕೊಂಡು, ಕನ್ನಡದಲ್ಲಿ ನನ್ನನ್ನೇ ಗದರಿದಳು. "ಹಿಂಗಾ ಕಿರುಚೋದು? ಎದೆ ಒಡೆದೋಗಿದ್ರೆ?"

"ಅಮ್ಮಾ, ಅದು ಬಂಡಿ ಮದ್ದಮ್ಮಾ! ಅದನ್ನ ಯಾಕಮ್ಮಾ ಹಚ್ಕೊಂಡೆ?"

"ನೀನೇ ಹೇಳಿದ್ಯಲ್ಲೋ. ಕೀಲಲ್ಲಿರೋ ಜಿಡ್ಡು ಬಿಡ್ಸತ್ತೆ, ಸಡ್ಲ ಮಾಡತ್ತೆ ಅಂತ. ಬಂಡಿಗೊಂದು ಕೀಲು, ಮಂಡಿಗೊಂದು ಕೀಲಾ? ಕಬ್ಬಿಣಕ್ಕೇ ಆಗೋದು ಮೂಳೆಗೆ ಆಗಲ್ವಾ?"

ಸರಳ ಬಾಟಲಿ ಎತ್ತಿಟ್ಟ ಕೈಯನ್ನು ಮೂಸಿ ನೋಡಿಕೊಂಡು ಮೆತ್ತಗೆ ಕೇಳಿದಳು. "ಅತ್ತೆ, ಮತ್ತೆ ಬಾಟ್ಲಿಗೆ ಹರಳೆಣ್ಣೆ ಹಾಕಿದ್ದು?"

ಆ ಬಗ್ಗೆ ಅಮ್ಮನಿಗೆ ಒಂದಿಷ್ಟೂ ಸಂಕೋಚವಿರಲಿಲ್ಲ. "ನಾನು ತಗೊಂಡಷ್ಟು ಅದಕ್ಕೆ ಹಾಕ್ಬೇಡ್ವೇನಮ್ಮಾ? ಬಂಡಿ ಹೊಟ್ಟೆ ಕ್ಲೀನಾಗಕ್ಕೆ ಅಂತ ಇವನೇ ಹೇಳ್ದ. ಹೊಟ್ಟೆಗೆ ಹರಳೆಣ್ಣೆಗಿಂತ ಒಳ್ಳೇದು ಇನ್ನೇನಿದೆ? ಇವನಿಗೂ ಅದನ್ನೇ ಕುಡಿಸಿ ಬೆಳೆಸಿದ್ದು."

ನಾನು ಮಾಡಿದ ಪಾಠವನ್ನು ಇಷ್ಟು ಪೂರ್ತಿಯಾಗಿ ಅರ್ಥಮಾಡಿಕೊಂಡು ಆಚರಣೆಗೆ ತಂದವರನ್ನು ನನ್ನ ನೌಕರಿಯಲ್ಲೇ ಕಂಡಿರಲಿಲ್ಲ. ಅಷ್ಟರಲ್ಲಿ ಅಮ್ಮ, ನನ್ನ ಬಾಯಿ ಮುಚ್ಚಿಸುವುದಕ್ಕೆಂದೋ ಏನೋ, "ನನಗೊಬ್ಬಳಿಗೇ ಅಲ್ಲ, ನೂರಮ್ಮನ ಕೈನೋವಿಗೂ ಕೊಟ್ಟಿದ್ದೀನಿ. ಅವಳಿಗೂ ವಾಸಿಯಾಗಿದೆ, ಹೋಗಿ ಕೇಳು" ಎಂದಳು.

ನೂರಮ್ಮ ಎಂದರೆ ಪಕ್ಕದ ಮನೆಯ ನೂರುನ್ನಿಸಾ. ಅವರ ಮನೆಯಲ್ಲಿ ರೇಷ್ಮೆ ನೂಲು ತೆಗೆಯುತ್ತಾರೆ. ಮುಂದೆ ಒಲೆ, ಒಲೆಯ ಮೇಲೆ ಕುದಿಯುವ ನೀರು, ನೀರಿನಲ್ಲಿ ಗೂಡು. ಆಕೆ ಬೆಳಿಗ್ಗೆ ಕೂತರೆ ಸಂಜೆಯವರೆಗೂ ಬೆಂಕಿಯ ಮುಂದೆಯೇ. ನಾನು ತೊಯ್ದ ಬಟ್ಟೆಯಲ್ಲಿ, ಬರಿಗಾಲಲ್ಲಿ, ಬೀದಿಯಲ್ಲಿ ಓಡಿದೆ. ಗೂಡಿನ ಮೂಟೆ ಇಳಿಸುತ್ತಿದ್ದವರು ದಾರಿ ಬಿಟ್ಟರು. "ನೂರಮ್ಮಾ! ಒಲೆ ಹತ್ರ ಹೋಗ್ಬೇಡಿ! ಕೈಗೆ ಏನು ಹಚ್ಕೊಂಡಿದ್ದೀರಿ?" ಎಂದು ಬಾಗಿಲಿನಿಂದಲೇ ಕೂಗಿದೆ.

ಆಕೆ ಎಳೆ ಹಿಡಿದಿದ್ದ ಕೈ ಹಾಗೇ ನಿಲ್ಲಿಸಿ ತಿರುಗಿದಳು. "ಅರೆ, ಏನಾಯ್ತು ಮೇಷ್ಟ್ರೇ? ಮೈಯೆಲ್ಲ ನೀರು?"

"ಅಮ್ಮ ಕೊಟ್ಟಿದ್ದ ಮದ್ದು! ಅದು ಪೆಟ್ರೋಲಿನಂಥದ್ದು! ಹಚ್ಕೋಬೇಡಿ!"

ನೂರುನ್ನಿಸಾ ಸುತ್ತಮುತ್ತ ನೋಡಿ, ಹತ್ತಿರ ಬಂದು, ದನಿ ತಗ್ಗಿಸಿದಳು. "ನಾನು ಹಚ್ಲೇ ಇಲ್ಲ ಮೇಷ್ಟ್ರೇ. ಬಾಟ್ಲು ತೆಗ್ದೆ, ವಾಸನೆ ನೋಡ್ದೆ, ಸೀದಾ ಪೆಟ್ರೋಲ್ ಬಂಕ್ ಥರ ಇತ್ತು. ಆದ್ರೆ ಅಮ್ಮ ಅಷ್ಟು ಪ್ರೀತಿಯಿಂದ ಕೊಟ್ರಲ್ಲ, ದಿನಾ ಬಂದು ಹೆಂಗಿದೆ ನೂರಮ್ಮಾ ಅಂತ ಕೇಳ್ತಾರೆ. ನೋವು ಕಮ್ಮಿ ಆಯ್ತಮ್ಮಾ ಅಂದ್ಬುಟ್ಟೆ. ಅಮ್ಮನಿಗೆ ಹೇಳ್ಬೇಡಿ."

ಹೋದ ಜೀವ ಬಂತು. "ಮತ್ತೆ ಅದನ್ನೇನು ಮಾಡಿದ್ರಿ?" ಎಂದೆ.

"ನಮ್ಮೋರು ಅವರ ಮೊಪೆಡ್‌ಗೆ ಹಾಕ್ಕೊಂಡ್ರು. ಅಬ್ಬಾ, ಏನು ಓಡ್ತಿದೆ ಮೇಷ್ಟ್ರೇ! ಮುಂಚೆ ಮಾರ್ಕೆಟ್ ತನಕ ತಳ್ಕೊಂಡ್ಹೋಗ್ತಿದ್ರು. ಈಗ ಒಂದೇ ಪೆಡ್ಲು."

ನೀವೇ ಯೋಚನೆ ಮಾಡಿ. ಚಿಕ್ಕಬಳ್ಳಾಪುರದಿಂದ ಜೋಪಾನವಾಗಿ ತಂದ ಆ ಮದ್ದಿನಿಂದ ನನ್ನ ಬಂಡಿ ಸತ್ತಿತ್ತು, ಅಮ್ಮ ಸುಟ್ಟುಹೋಗುವುದು ಕೂದಲೆಳೆಯಲ್ಲಿ ತಪ್ಪಿತ್ತು, ಪಕ್ಕದ ಮನೆಯ ಮೊಪೆಡ್ ಒಂದಕ್ಕೆ ಮಾತ್ರ ಹರೆಯ ಬಂದಿತ್ತು.

ಸಂಜೆಯ ಹೊತ್ತಿಗೆ ಅಮ್ಮನ ಮಂಡಿಗಳ ಚರ್ಮ ಕೆಂಪಾಗಿ ದದ್ದು ಎದ್ದಿರುವುದನ್ನು ಸರಳ ತೋರಿಸಿದಳು. ಹಲವು ದಿನದಿಂದ ಉರಿಯುತ್ತಿತ್ತಂತೆ. "ಉರಿದ್ರೆ ಕೆಲಸ ಮಾಡ್ತಿದೆ ಅಂತ ಅರ್ಥ" ಎಂದು ಅಮ್ಮ ಸಹಿಸಿಕೊಂಡಿದ್ದಳು. ಸೋಮವಾರವೇ ರಜೆ ಹಾಕಿ ಬಸ್ಸಿನಲ್ಲಿ ಚಿಕ್ಕಬಳ್ಳಾಪುರದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ.

"ಏನು ಹಚ್ಚಿದ್ರಿ ಅಮ್ಮಾ ಇದಕ್ಕೆ?" ಎಂದು ಅವರು ಕೇಳಿದರು.

"ಬಂಡಿ ಮದ್ದು ಸ್ವಾಮಿ."

ಡಾಕ್ಟರು ಕನ್ನಡಕ ತೆಗೆದು ನನ್ನನ್ನು ನೋಡಿದರು. ನಾನು ಬೆವರುತ್ತಾ ಎಲ್ಲವನ್ನೂ ಹೇಳಿದೆ. ಕಿಟಕಿಯ ಕಡೆ ತಿರುಗಿ ಅವರು ಬಹಳ ಹೊತ್ತು ಕೆಮ್ಮಿದರು. ಅದು ಕೆಮ್ಮಲ್ಲ ಎಂದು ನನಗೆ ಗೊತ್ತಾಯಿತು. ಆಮೇಲೆ ಗಂಭೀರವಾಗಿ ದದ್ದಿಗೆ ಮುಲಾಮು ಬರೆದುಕೊಟ್ಟರು. ನಾನು ತಡೆಯಲಾರದೆ ಕೇಳಿದೆ. "ಆದ್ರೆ ಡಾಕ್ಟ್ರೇ, ನಿಜವಾಗ್ಲೂ ಓಡಾಡ್ತಿದ್ರು. ತಾರಸಿ ಹತ್ತಿದ್ರು. ಅದು ಹೇಗೆ?"

"ಮದ್ದಿನಿಂದ ಅಲ್ಲಪ್ಪಾ. ದಿನಾ ಬೆಳಿಗ್ಗೆ ಕೂತು ಚೆನ್ನಾಗಿ ತಿಕ್ಕಿದ್ದಾರೆ, ಬಿಸಿ ಕೊಟ್ಟಿದ್ದಾರೆ. ಅದರಿಂದ ಸಡಿಲ ಆಗಿದೆ. ಬರೀ ಕೊಬ್ಬರಿ ಎಣ್ಣೆ ತಿಕ್ಕಿದ್ರೂ ಆಗ್ತಿತ್ತು. ಮನೇಲಿ ಯಾರಾದ್ರೂ ಕಾಲು ತಿಕ್ಕೋರು ಇದ್ದಾರಾ?"

ಕಾರ್ಬ್ಯುರೇಟರಿಗೆ ಏನು ಬೇಕು ಎಂದು ಊರೂರು ವಿಚಾರಿಸಿದವನು, ಅಮ್ಮನ ಮಂಡಿಗೆ ಏನು ಬೇಕು ಎಂದು ಯಾರನ್ನೂ ಕೇಳಿರಲಿಲ್ಲ. ಅಮ್ಮನೇ ಉತ್ತರಿಸಿದಳು. "ಇದ್ದಾನಲ್ಲ ಸ್ವಾಮಿ, ಇವನೇ ತಿಕ್ತಾನೆ" ಎಂದು, ನಾನು ವರ್ಷಾನುಗಟ್ಟಲೆಯಿಂದ ತಿಕ್ಕುತ್ತಿರುವವನ ಹಾಗೆ ನನ್ನ ಬೆನ್ನು ಸವರಿದಳು. ಅದು ಬಾಟಲಿಯ ಬೆಂಕಿಗಿಂತ ಹೆಚ್ಚಾಗಿ ಸುಟ್ಟಿತು. ಎದ್ದು ಬರುವಾಗ ಡಾಕ್ಟರು ನನ್ನನ್ನೊಬ್ಬನನ್ನೇ ಬಾಗಿಲ ಬಳಿ ನಿಲ್ಲಿಸಿ, ಪಿಸುದನಿಯಲ್ಲಿ, "ಅಲ್ರೀ, ಆ ಮೊಪೆಡ್ಡು ನಿಜವಾಗ್ಲೂ ಅಷ್ಟು ಚೆನ್ನಾಗಿ ಓಡ್ತಿದ್ಯಾ? ನನ್ನ ಸ್ಕೂಟರ್‌ದೂ ಸ್ಟಾರ್ಟಿಂಗ್ ಟ್ರಬಲ್ಲು" ಎಂದರು.

ಮಸ್ತಾನ್ ಟ್ಯಾಂಕು ತೊಳೆದು, ಕಾರ್ಬ್ಯುರೇಟರ್ ಉಜ್ಜಿ, ಬಂಡಿಯನ್ನು ಮತ್ತೆ ಓಡುವ ಹಾಗೆ ಮಾಡಿದ. ಅದಕ್ಕೆ ಆಮೇಲೆ ನಾನು ಪೆಟ್ರೋಲಿನ ಹೊರತು ಏನನ್ನೂ ಕುಡಿಸಲಿಲ್ಲ. ಕೆಮ್ಮಿದರೆ ಕೆಮ್ಮಲಿ ಎಂದು ಬಿಟ್ಟೆ. ದದ್ದು ವಾಸಿಯಾದ ಮೇಲೆ ದಿನಾ ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ, ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿಕೊಂಡು ಅಮ್ಮನ ಮಂಡಿ ತಿಕ್ಕುವುದು ನನ್ನ ಕೆಲಸವಾಯಿತು. ಸುಮ್ಮನೆ ತಿಕ್ಕುವುದು ನನ್ನಿಂದಾಗುತ್ತದೆಯೇ? ಮೂಳೆಯ ರಚನೆ ಹೇಗೆ, ಸಂದಿಯಲ್ಲಿರುವ ದ್ರವ ಯಾವುದು, ವಯಸ್ಸಾದಂತೆ ಅದು ಯಾಕೆ ಕಡಿಮೆಯಾಗುತ್ತದೆ, ತಿಕ್ಕಿದರೆ ರಕ್ತದ ಓಟ ಯಾವ ದಿಕ್ಕಿಗೆ ಹೆಚ್ಚುತ್ತದೆ ಎಂದು ಲೈಬ್ರರಿಯಲ್ಲಿ ಓದಿಕೊಂಡು ಬಂದದ್ದನ್ನೆಲ್ಲ ತಿಕ್ಕುತ್ತಾ ಹೇಳುತ್ತಿದ್ದೆ. ಅಮ್ಮ ಕಣ್ಣು ಮುಚ್ಚಿಕೊಂಡು ಕೂತಿರುತ್ತಿದ್ದಳು. ತಲೆದೂಗುತ್ತಿದ್ದಳು. ಈ ಸಲ ಪಾಠದಿಂದ ಅಪಾಯವಿಲ್ಲ ಎಂದು ನನಗೂ ಸಮಾಧಾನವಾಗಿತ್ತು.

ಒಂದು ಬೆಳಿಗ್ಗೆ ಎಣ್ಣೆ ಬಟ್ಟಲು ಒಳಗಿಟ್ಟು ಕೈ ತೊಳೆಯುತ್ತಿದ್ದಾಗ, ಬಾಗಿಲಲ್ಲಿ ನೂರುನ್ನಿಸಾಳ ದನಿ ಕೇಳಿಸಿತು. "ಏನಮ್ಮಾ, ಈಗ ಮಗನೇ ದಿನಾ ಕಾಲು ತಿಕ್ತಾರಂತೆ! ಪುಣ್ಯ ಮಾಡಿದ್ರಿ. ಆ ಬಂಡಿ ಮದ್ದಿಗಿಂತ ಇದೇ ಚೆನ್ನಾಗಿದೆ ಅಲ್ವಾ?"

ನಾನು ನಲ್ಲಿ ನಿಲ್ಲಿಸಿ ಕಿವಿಗೊಟ್ಟೆ.

"ಹೆಂಗೆ ಹೇಳಲಿ ನೂರಮ್ಮಾ" ಎಂದಳು ಅಮ್ಮ. "ಅದು ಉರೀತಿತ್ತು ಅಷ್ಟೇ. ಮಾತಾಡ್ತಿರ್ಲಿಲ್ಲ."